ಮೂರು ಗೀರು, ಒಂದು ಚುಕ್ಕೆ

ಕುಷ್ಟಗಿಯ ಶಬ್ಬೀರಸಾಬರು ಚಹಾ ಕುಡಿಯುವ ಬಗೆಯನ್ನು ಒಮ್ಮೆ ನೋಡಬೇಕು. ಕಪ್ಪು ಕೈಗೆ ಬಂದೊಡನೆ ಬಾಯಿಗೆ ಹೋಗುವುದಿಲ್ಲ. ಮೊದಲು ಪಕ್ಕದವನ ಕಪ್ಪಿನೊಳಗೆ ಇಣುಕುತ್ತಾರೆ, ಆಮೇಲೆ ತಮ್ಮದರೊಳಗೆ. ಎರಡೂ ಒಂದೇ ಮಟ್ಟ ಎಂದು ಖಾತ್ರಿಯಾದ ಮೇಲೆ ಮೊದಲ ಗುಟುಕು. ಇಷ್ಟು ವರ್ಷ ಅವರ ಪಕ್ಕ ಕೂತು ಕುಡಿದು ಕುಡಿದು ಈಗ ನನಗೂ ನನ್ನ ಕಪ್ಪಿನ ಮೇಲೆ ಪೂರ್ತಿ ನಂಬಿಕೆ ಉಳಿದಿಲ್ಲ.

ನಾನು ಶಾಂತಕುಮಾರ. ಊರ ಹೊರಗೆ ನಮ್ಮದು ದಾಳಿಂಬೆ ತೋಟ. ಸಾಬರದು ಒಂದು ಹಳೆಯ ಪಿಕಪ್ ಗಾಡಿ. ಕಾಗದಪತ್ರದಲ್ಲಿ ಬಿಳಿ ಬಣ್ಣ ಎಂದಿದೆ, ಕಣ್ಣಿಗೆ ಈಗ ಕುಷ್ಟಗಿಯ ಮಣ್ಣಿನದೇ ಬಣ್ಣ. ನಮ್ಮ ಹಣ್ಣಿನ ಕ್ರೇಟುಗಳು ಆ ಗಾಡಿಯಲ್ಲೇ ಕೊಪ್ಪಳಕ್ಕೆ ಹೋಗಬೇಕು. ಬೇರೆ ಗಾಡಿ ಸಿಗುವುದಿಲ್ಲವೆಂದಲ್ಲ. ಬೇರೆಯವರು ತಗ್ಗು ಕಂಡರೆ ಹಾರಿಸುತ್ತಾರೆ, ಸಾಬರು ತಗ್ಗನ್ನೂ ಅನುಮಾನಿಸಿ ಮೆಲ್ಲಗೆ ಇಳಿಸುತ್ತಾರೆ. ಅನುಮಾನದಿಂದ ಜಗತ್ತಿನಲ್ಲಿ ಯಾರಿಗಾದರೂ ಲಾಭವಾಗಿದ್ದರೆ ಅದು ನನ್ನ ದಾಳಿಂಬೆಗೆ. ಹಾಗೆ ನೋಡಿದರೆ ನಾನೂ ಸಾಚಾ ಅಲ್ಲ. ಹಣ್ಣಿನ ವ್ಯಾಪಾರ ಮಾಡುವವನಿಗೆ ಪೆಟ್ಟಿಗೆಯ ಮೇಲಿನ ಸಾಲು ಚಂದ ಕಂಡಷ್ಟೂ ಕೆಳಗಿನ ಸಾಲಿನ ಮೇಲೆ ಗುಮಾನಿ.

ಸಾಬರ ಅಪ್ಪ ಕಲಾಯಿ ಹಾಕುವವರು. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಕೊಡುವ ಕೆಲಸ. ಓಣಿಯಲ್ಲಿ ಒಲೆ ಹೂಡಿದರೆಂದರೆ ಹತ್ತಾರು ಮನೆಯ ಪಾತ್ರೆ ಒಂದೇ ರಾಶಿಯಲ್ಲಿ ಬೀಳುತ್ತಿದ್ದವು. ಯಾರ ಮನೆಯ ಹಂಡೆಯೋ ಯಾರ ಮನೆಗೋ ಹೋಗಬಾರದೆಂದು ಅವರು ಪಾತ್ರೆಯ ತಳದಲ್ಲಿ ಮೊಳೆಯಿಂದ ಮನೆಗೊಂದು ಗುರುತು ಹಾಕುತ್ತಿದ್ದರು. ಒಬ್ಬರಿಗೆ ಅಡ್ಡಗೀರು, ಇನ್ನೊಬ್ಬರಿಗೆ ಚುಕ್ಕೆ. ಸ್ವಂತ ಮನೆಯ ಪಾತ್ರೆಗಳಿಗೆ ಮೂರು ಗೀರು, ಒಂದು ಚುಕ್ಕೆ. ಅವರ ಕೈಯಲ್ಲಿ ಒಂದು ಲೋಟವೂ ಅದಲುಬದಲಾಗಲಿಲ್ಲವೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಊರು ತಮ್ಮನ್ನು ನಂಬಲಿ ಎಂದು ಅಪ್ಪ ಗುರುತು ಹಾಕಿದರು. ಊರನ್ನು ನಂಬಬಾರದೆಂದು ಮಗ ಹಾಕುತ್ತಾರೆ.

ಸಾಬರ ಜೇಬಿನಲ್ಲಿ ಸದಾ ಕಬ್ಬಿಣ ಉಜ್ಜುವ ಒಂದು ಸಣ್ಣ ಅರ ಇರುತ್ತದೆ. ಗಾಡಿಗೆ ಹೊಸ ಸಾಮಾನು ಜೋಡಿಸುವ ಮೊದಲು ಅದರ ಒಳಬದಿಯಲ್ಲಿ ಮೂರು ಗೀರು ಎಳೆದು, ಮೊಳೆಯಿಟ್ಟು ಒಂದು ಚುಕ್ಕೆ ಹೊಡೆದೇ ಕೊಡುವುದು. ಗ್ಯಾರೇಜಿಗೆ ಬಿಟ್ಟ ಗಾಡಿಯಿಂದ ಒಳ್ಳೆಯದನ್ನು ಬಿಚ್ಚಿಕೊಂಡು ಸವೆದದ್ದನ್ನು ಜೋಡಿಸುತ್ತಾರೆ ಎಂಬ ಮಾತು ನಮ್ಮ ಕಡೆ ಎಲ್ಲ ಡ್ರೈವರುಗಳ ಬಾಯಲ್ಲೂ ಇದೆ. ಅದರಲ್ಲಿ ನಿಜವೆಷ್ಟೋ ನನಗೆ ಗೊತ್ತಿಲ್ಲ. ಸಾಬರಂತೂ ಈ ಗುರುತಿನ ಬಲದ ಮೇಲೆ ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಮೆಕ್ಯಾನಿಕರೊಂದಿಗೆಲ್ಲ ಸರದಿಯಂತೆ ಜಗಳ ತೆಗೆದವರು. ಅವರ ಪರೀಕ್ಷೆಯಲ್ಲಿ ಪಾಸಾದವನು ಒಬ್ಬನೇ, ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ಮಾಜೀದ.

ಮಾಜೀದ ಚಿಕ್ಕ ವಯಸ್ಸಿಗೇ ಸ್ವಂತ ಗ್ಯಾರೇಜು ಇಟ್ಟವನು. ಬಿಚ್ಚಿದ ಹಳೆ ಸಾಮಾನನ್ನು ಪೇಪರಿನಲ್ಲಿ ಸುತ್ತಿ, ಕೇಳುವ ಮೊದಲೇ ಕೈಗಿಡುತ್ತಿದ್ದ. ಸಾಬರು ಪೇಪರು ಬಿಡಿಸಿ ನೋಡಿದರೆ ಮೂರು ಗೀರು, ಒಂದು ಚುಕ್ಕೆ ಇದ್ದೇ ಇರುತ್ತಿದ್ದವು. ವರ್ಷಗಟ್ಟಲೆ ಹೀಗೆ ಒರೆಗೆ ಹಚ್ಚಿ ನೋಡಿ, ಕೊನೆಗೆ ಮಗಳು ಖುಷ್ಬುವನ್ನು ಅವನಿಗೇ ಕೊಡುವುದೆಂದು ಮಾತು ಕೊಟ್ಟರು. ಬೇರೆಯವರು ವರನ ಮನೆತನ ವಿಚಾರಿಸುತ್ತಾರೆ, ಗುಣ ವಿಚಾರಿಸುತ್ತಾರೆ. ಇವರು ಕಬ್ಬಿಣದ ಮೇಲಿನ ಗೀರು ನೋಡಿ ಅಳಿಯನನ್ನು ಆರಿಸಿದರು. ಹುಡುಗಿಗೂ ಹುಡುಗ ಒಪ್ಪಿಗೆ. ಫೋನು ಹಿಡಿದು ಮಾಳಿಗೆ ಏರಿದರೆ ಊಟದ ನೆನಪೂ ಇರುವುದಿಲ್ಲ ಎಂದು ಸಾಬರ ಹೆಂಡತಿ ಹಜರತಬೀ ನಮ್ಮ ಮನೆಯಲ್ಲಿ ನಗುತ್ತ ಹೇಳಿದ್ದರು. ಸಕ್ಕರೆ ಹಂಚಿ ಆಗಿತ್ತು. ನಿಕಾಹ್‌ಗೆ ದಿನ ಇಡುವುದೊಂದೇ ಬಾಕಿ.

ಆಗ ಗಾಡಿ ಕೈಕೊಟ್ಟಿತು.

ಹಿಂದೆ ಕ್ರೇಟು ತುಂಬಿಕೊಂಡು ಕೊಪ್ಪಳದ ದಾರಿಯಲ್ಲಿದ್ದೆವು. ಎಡಗಡೆಯ ಮುಂದಿನ ಗಾಲಿ ಮೊದಲು ಗೊಣಗಿತು, ಆಮೇಲೆ ಸ್ಟೀರಿಂಗ್ ನಡುಗತೊಡಗಿತು. ಸಾಬರು ನನ್ನ ಕಡೆ ತಿರುಗಿ ನೋಡಿದರು, ನಾನೇ ಏನೋ ಮಾಡಿದ್ದೇನೆ ಎನ್ನುವಂತೆ. ಹಾಗೂ ಹೀಗೂ ಮಾಜೀದನ ಗ್ಯಾರೇಜು ಮುಟ್ಟಿದೆವು. ಅವನು ಗಾಲಿ ಬಿಚ್ಚಿದ. ಮುಂದಿನ ಆ್ಯಕ್ಸಲಿನ ತುದಿಯಲ್ಲಿ ಗಾಲಿ ಕೂರುವ ಗೂಟದಂಥ ಒಂದು ಭಾಗವಿದೆ, ಅದಕ್ಕೆ ಸ್ಟಬ್ ಎನ್ನುತ್ತಾರೆ. ಅದರ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ವೆಲ್ಡಿಂಗ್ ಮಾಡಿಸಿದರೆ ನಡೆಯುವುದಿಲ್ಲವೇ ಎಂದು ನಾನು ಕೇಳಿದೆ. ಬರೀ ದಾಳಿಂಬೆ ಕೂರುವುದಿದ್ದರೆ ನಡೆಯುತ್ತದೆ, ಮನುಷ್ಯರು ಕೂರುವುದಿದ್ದರೆ ಬೇಡ ಎಂದ.

ಬಿಚ್ಚಿದ ಸ್ಟಬ್ಬನ್ನು ಎಂದಿನಂತೆ ಪೇಪರಿನಲ್ಲಿ ಸುತ್ತಿ ಕೊಟ್ಟ. ಸಾಬರು ಎಂದಿನಂತೆ ಬಿಡಿಸಿ, ತಿರುವಿ ನೋಡಿದರು. ಗುರುತು ಇತ್ತು. ಆ ಜಾಗಕ್ಕೆ ಇದು ಎರಡನೆಯ ಸ್ಟಬ್ಬು. ಗಾಡಿಯ ಜೊತೆಗೇ ಬಂದಿದ್ದ ಮೊದಲನೆಯದು, ನಟ್ಟು ಕೂರುವ ಸುರುಳಿ ಸವೆದು ನುಣ್ಣಗಾಗಿ ಕೆಲವು ವರ್ಷಗಳ ಹಿಂದೆ ಬದಲಾಗಿತ್ತು. ಗಾಡಿ ಕೊಂಡ ಹೊಸದರಲ್ಲೇ ಗಾಲಿ ಬಿಚ್ಚಿಸಿ ಅದಕ್ಕೂ ಸಾಬರು ಗುರುತು ಹಾಕಿದ್ದರು. ಅದನ್ನೂ ಮಾಜೀದನೇ ಬಿಚ್ಚಿ ಮರಳಿ ಕೊಟ್ಟಿದ್ದ. ಸಾಬರು ಅದನ್ನು ಗೋಣಿಚೀಲದಲ್ಲಿ ಹಾಕಿ ಮನೆಯ ಅಟ್ಟದ ಮೇಲೆ ಇಟ್ಟಿದ್ದರು. ಹಾಗೆ ಇಟ್ಟದ್ದು ಏಕೆಂದು ಕೇಳಿದರೆ ಹೊರಗೆ ಬಿಟ್ಟರೆ ಯಾರಾದರೂ ಒಯ್ಯುತ್ತಾರೆ ಎನ್ನುತ್ತಿದ್ದರು. ಅಟ್ಟದ ಆ ಚೀಲ ತೂಗಿದರೆ ಗಾಡಿಯ ಅರ್ಧ ತೂಕ ಬಂದೀತು.

ಹೊಸ ಸ್ಟಬ್ಬು ಎಲ್ಲಿಂದ ತರುವುದು? ಈ ಮಾಡೆಲಿನ ಗಾಡಿ ತಯಾರಾಗುವುದೇ ನಿಂತು ಕಾಲವಾಗಿದೆ. ಕೊಪ್ಪಳದ ಬಿಡಿಭಾಗದ ಅಂಗಡಿಗಳಲ್ಲಿ ಗಾಡಿಯ ಹೆಸರು ಹೇಳಿದರೆ ಸತ್ತವರ ಸುದ್ದಿ ಕೇಳಿದಂತೆ ತಲೆಯಾಡಿಸಿದರು. ಒಬ್ಬ ಮಾತ್ರ ಹೊಳೆಯುವ ಡಬ್ಬಿಯಲ್ಲಿ ಒಂದನ್ನು ತೆಗೆದಿಟ್ಟ. ಸಾಬರು ಅದನ್ನು ನಟ್ಟು ಬಿಚ್ಚುವ ಪಾನಾದಿಂದ ಬಡಿದು ಸದ್ದು ಕೇಳಿದರು, ಮೂಸಿ ನೋಡಿದರು, ನನಗೂ ಮೂಸಲು ಕೊಟ್ಟರು. ಡಬ್ಬಿಯ ಮೇಲಿನ ಹೆಸರಿನಲ್ಲಿ ಒಂದು ಅಕ್ಷರ ಸೊಟ್ಟಗಿತ್ತು. ನಕಲು ಮಾಲು ಎಂದು ಇಬ್ಬರಿಗೂ ಒಟ್ಟಿಗೆ ಅನಿಸಿತು, ಇಬ್ಬರೂ ಒಟ್ಟಿಗೆ ಎದ್ದೆವು. ಫೋನಿನಲ್ಲಿ ತರಿಸಿಬಿಡೋಣ, ಫೋಟೋ ಚಂದ ಇದೆ ಎಂದು ನಾನು ತೋರಿಸಿದರೆ ಸಾಬರು ಪರದೆಯ ಮೇಲೆ ಉಗುರು ಆಡಿಸಿ ನೋಡಿದರು.

"ಫೋಟೋಕ್ಕ ಗುರುತು ಹ್ಯಾಂಗ ಹಾಕೂದ್ರಿ ಶಾಂತಣ್ಣಾರ?"

ಕೊನೆಗೆ ಮಾಜೀದ ಬಿರುಕು ಬಿಟ್ಟ ಸ್ಟಬ್ಬಿನ ಫೋಟೋ ತೆಗೆದು ಮೆಕ್ಯಾನಿಕರ ವಾಟ್ಸಾಪ್ ಗುಂಪಿಗೆ ಹಾಕಿದ. ಎರಡು ಕಡೆಯಿಂದ ಉತ್ತರ ಬಂತು. ಯಲಬುರ್ಗಾದ ಹತ್ತಿರ ಗ್ಯಾನಪ್ಪ ಎಂಬ ರೈತನ ಹೊಲದಲ್ಲಿ ಇಂಥದೇ ಗಾಡಿ ನಿಂತಿದೆಯಂತೆ. ಗಂಗಾವತಿಯಲ್ಲಿ ಟಿಪ್ಪುಸಾಬ ಎಂಬುವರ ಗುಜರಿ ಅಂಗಡಿಯಲ್ಲಿ ಸಿಕ್ಕರೂ ಸಿಗಬಹುದಂತೆ. ತಾನೇ ಹೋಗಿ ತರುತ್ತೇನೆ ಎಂದ ಮಾಜೀದ. ಭಾವಿ ಅಳಿಯನೇ ಆದರೂ ಸಾಮಾನು ಆರಿಸಲು ಅವನೊಬ್ಬನನ್ನೇ ಕಳಿಸಲು ಸಾಬರಿಗೆ ಮನಸ್ಸಾಗಲಿಲ್ಲ. ಕ್ರೇಟುಗಳನ್ನು ಬೇರೆ ಗಾಡಿಯಲ್ಲಿ ಮಾರುಕಟ್ಟೆಗೆ ಸಾಗಿಸಿ, ನಮ್ಮ ಗಾಡಿಯನ್ನು ಅಲ್ಲೇ ಕಲ್ಲಿನ ಮೇಲೆ ನಿಲ್ಲಿಸಿ, ಸ್ಯಾಂಪಲ್ಲಿಗೆಂದು ಒಡೆದ ಸ್ಟಬ್ಬನ್ನು ಟವೆಲಿನಲ್ಲಿ ಸುತ್ತಿಕೊಂಡು, ನನ್ನನ್ನೂ ಕಟ್ಟಿಕೊಂಡು ಬಸ್ಸು ಹತ್ತಿದರು. ಟವೆಲಿನಲ್ಲಿ ಏನು ಎಂದು ಕಂಡಕ್ಟರ್ ಕೇಳಿದ. ನಿನಗೇಕೆ ಎಂದರು ಸಾಬರು. ನಾವು ಇಳಿಯುವವರೆಗೂ ಅವನು ನಮ್ಮ ಮೇಲೆ ಒಂದು ಕಣ್ಣಿಟ್ಟಿದ್ದ.

ಗ್ಯಾನಪ್ಪ ನಮಗಿಂತ ಒಂದು ಕೈ ಮೇಲೆ. ಹೊಲದ ಬದುವಿನಲ್ಲಿ ಪಿಕಪ್ ನಿಂತಿತ್ತು, ಒಳಗೆ ಕೋಳಿಗಳಿದ್ದವು. ಈ ಗಾಡಿ ನಿಮ್ಮದೇನು ಎಂದು ಕೇಳಿದ್ದೇ ತಡ, ತನ್ನದಲ್ಲ, ಯಾರದೋ ಎಂದ. ಸಾಲದ ಗಾಡಿ ಎಳೆದೊಯ್ಯುವ ಫೈನಾನ್ಸಿನವರೆಂದು ತಿಳಿದಿರಬೇಕು. ಮುಂದಿನ ಆ್ಯಕ್ಸಲಿನ ಸಾಮಾನು ಬೇಕಾಗಿತ್ತು, ಕೊಳ್ಳಲು ಬಂದವರು ಎಂದ ಮೇಲೆ ಗಾಡಿ ಅವನದಾಯಿತು. ಆದರೆ ಆ್ಯಕ್ಸಲು ಅಲ್ಲಿರಲಿಲ್ಲ. ಅದನ್ನು ಎಂದೋ ಬಿಚ್ಚಿ ಎತ್ತಿನ ಬಂಡಿಗೆ ಹಾಕಿಸಿದ್ದ. ಸಾಬರು ಬಂಡಿಯ ಕೆಳಗೆ ಮಲಗಿ ನೋಡಿದರು. ಸ್ಟಬ್ಬುಗಳನ್ನು ತಿರುಗದಂತೆ ಬೆಸೆದುಬಿಟ್ಟಿದ್ದರು. ಬಂಡಿಗೆ ಅದು ಸರಿಯೇ, ನಮಗೆ ಕೆಲಸಕ್ಕೆ ಬಾರದು.

ಬದು ದಾಟುವಾಗ ಸಾಬರು ನನ್ನ ಕಿವಿಯಲ್ಲಿ, ಕೋಳಿ ಗಾಡಿಯ ಹಿಂದೆ ತಾಡಪತ್ರಿ ಮುಚ್ಚಿದ್ದು ನೋಡಿದಿರಾ, ಅಲ್ಲೇ ಇಟ್ಟಿದ್ದಾನೆ ಎಂದರು. ನಾನೂ ನೋಡಿದ್ದೆ. ನೋಡದಂತೆ ಇರಲು ಪ್ರಯತ್ನಿಸುತ್ತಿದ್ದೆ. ಬಾಯಾರಿಕೆ ಎಂದು ನೆವ ಹೇಳಿ ಹಿಂದಿರುಗಿ, ಗ್ಯಾನಪ್ಪ ನೀರು ತರಲು ಹೋದಾಗ ತಾಡಪತ್ರಿ ಎತ್ತಿದೆ. ಶೇಂಗಾ ಹೊಟ್ಟು. ಗ್ಯಾನಪ್ಪ ತಂಬಿಗೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದ. ಬಾಯಾರಿಕೆ ಎಂದಿದ್ದಕ್ಕೆ ತಂಬಿಗೆ ಪೂರ್ತಿ ಕುಡಿಯಬೇಕಾಯಿತು. ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರೆ, ನಾನು ಮೊದಲೇ ಸನ್ಯಾಸಿಯಲ್ಲ.

ಮರುದಿನ ಗಂಗಾವತಿ. ನಮ್ಮ ಒಣಭೂಮಿಯಿಂದ ಹೋದವರಿಗೆ ಅಲ್ಲಿಯ ಕಾಲುವೆ, ಗದ್ದೆ, ಹಸಿರು ಕಂಡರೆ ಹೊಟ್ಟೆಯಲ್ಲಿ ಸಣ್ಣ ಉರಿ ಏಳುವುದು ಸಹಜ. ಟಿಪ್ಪುಸಾಬರ ಅಂಗಡಿ ಊರ ಅಂಚಿನಲ್ಲಿ. ಶ್ರೀರಾಮನಗರದ ಕಡೆಯ ಅಕ್ಕಿ ಗಿರಣಿಗಳ ಕಬ್ಬಿಣ, ಟ್ರ್ಯಾಕ್ಟರಿನ ಚಕ್ರ, ಸತ್ತ ಲಾರಿಗಳ ಮೂತಿ ಎಲ್ಲ ಅಲ್ಲಿ ರಾಶಿ ಬಿದ್ದಿದ್ದವು. ಟಿಪ್ಪುಸಾಬರು ಸ್ಯಾಂಪಲ್ ಕೇಳಿದರೆ ನಮ್ಮ ಸಾಬರು ಟವೆಲನ್ನು ಅರ್ಧ ಮಾತ್ರ ಸರಿಸಿದರು. ಅವರು ಸ್ವಲ್ಪ ನೋಡಿ, ಒಳಗೆ ಹೋಗಿ, ಎಣ್ಣೆ ಹಚ್ಚಿಟ್ಟಿದ್ದ ಒಂದು ಸ್ಟಬ್ಬನ್ನು ತಂದು ಮೇಜಿನ ಮೇಲಿಟ್ಟರು.

ಅದೇ ಅಳತೆ, ಅದೇ ಎಡಗಡೆಯದು. ಬೇರಿಂಗ್ ಕೂರುವ ಜಾಗ ಚೊಕ್ಕ. ನಟ್ಟಿನ ಸುರುಳಿ ಹೊಸದರಂತೆ ಹೊಳೆಯುತ್ತಿತ್ತು. ಸಾಬರು ಬಡಿದರು, ಗಂಟೆಯಂಥ ಸದ್ದು ಬಂತು. ಮೂಸಿದರು. ನನಗೆ ಆಗಲೇ ಮುಂದಿನ ಕ್ರೇಟುಗಳೂ ಕೊಪ್ಪಳ ಮುಟ್ಟಿದಷ್ಟು ಸಂತೋಷ. ಆಗ ಸಾಬರು ಅದನ್ನು ತಿರುವಿ, ಒಳಬದಿಯ ಜಿಡ್ಡನ್ನು ಹೆಬ್ಬೆರಳ ಉಗುರಿನಿಂದ ಕೆರೆದರು.

ಮೂರು ಗೀರು, ಒಂದು ಚುಕ್ಕೆ.

ಸಾಬರು ಟವೆಲನ್ನು ಪೂರ್ತಿ ಬಿಡಿಸಿ ಎರಡನ್ನೂ ಪಕ್ಕಪಕ್ಕ ಹಿಡಿದರು. ಇದು ಎಲ್ಲಿಂದ ಬಂತು ಎಂದು ಕೇಳಿದರು. ಟಿಪ್ಪುಸಾಬರು ಒಂದು ಗಳಿಗೆ ನಮ್ಮಿಬ್ಬರ ಮುಖ ನೋಡಿದರು. ಗುಜರಿಯವರಿಗೆ ಈ ಪ್ರಶ್ನೆ ಹಿಡಿಸುವುದಿಲ್ಲ.

"ಭಾಗ್ಯನಗರದ ಕಡಿಂದ ಬಂದ ಮಾಲ್ರಿ. ಯಾರದು ಅಂತ ನಾವು ಕೇಳಂಗಿಲ್ಲ, ತಂದವರು ಹೇಳಂಗಿಲ್ಲ."

ಅಂಗಡಿಯ ಮೆಟ್ಟಿಲ ಮೇಲೆ ಸಾಬರು ಎರಡೂ ಸ್ಟಬ್ಬನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಒಂದು ಒಡೆದದ್ದು, ಒಂದು ಗಟ್ಟಿ. ಎರಡರ ಮೇಲೂ ಒಂದೇ ಗುರುತು. ಅಟ್ಟದ ಮೇಲಿನದೇ ಇಲ್ಲಿಗೆ ಬಂದಿರಬಹುದಲ್ಲ ಎಂದು ನಾನು ಕೇಳಿದೆ. ಅದರ ಸುರುಳಿ ಪೂರ್ತಿ ಹೋಗಿತ್ತು, ಇದರ ಸುರುಳಿ ನೋಡಿರಿ, ಮತ್ತೆ ಅದು ನನ್ನ ಮನೆಯ ಅಟ್ಟದ ಮೇಲಿದೆ, ನಾನೇ ಕೈಯಾರೆ ಇಟ್ಟಿದ್ದೇನೆ ಎಂದರು. ಊರನ್ನೆಲ್ಲ ಅನುಮಾನಿಸುವವರಿಗೆ ತಮ್ಮ ಅಟ್ಟದ ಮೇಲೆ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ. ಎರಡನ್ನೂ ಮತ್ತೆ ಮತ್ತೆ ತಿರುವಿ ನೋಡಿ, ಕೊನೆಗೆ ಲೆಕ್ಕ ಬಿಡಿಸಿದವರ ಹಾಗೆ ಹೇಳಿದರು.

"ಈ ಗಟ್ಟೀದು ನಂದು. ಇದನ್ನ ಬಿಚ್ಚಿಕೊಂಡು ಮಾರ್ಯಾನ. ಎಲ್ಲಿಂದೋ ಒಡಕದ್ದು ತಂದು, ಅದರ ಮ್ಯಾಲ ನನ್ನ ಗುರುತು ತಾನ ಹಾಕ್ಯಾನ. ಇಷ್ಟು ವರ್ಷ ನನ್ನ ಗುರುತು ನೋಡಿ ನೋಡಿ ಕಲತಾನ ನೋಡ್ರಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನಾನಲ್ಲ. ಆದರೂ ಆ ಮಾತು ನನಗೆ ಸರಿ ಎನಿಸಿತು ಎಂದು ಹೇಳಲೇಬೇಕು. ಮಾಜೀದ ಕೇಳದೆಯೇ ಪೇಪರಿನಲ್ಲಿ ಸುತ್ತಿ ಕೊಡುವುದು, ತಾನೇ ಹೋಗಿ ತರುತ್ತೇನೆ ಎಂದದ್ದು, ಎಲ್ಲ ಈಗ ಬೇರೆಯದೇ ಬಣ್ಣದಲ್ಲಿ ಕಾಣತೊಡಗಿತು. ಮೇಲಿನ ಸಾಲು ಅಷ್ಟು ಚಂದವಿದ್ದುದೇ ತಪ್ಪು ಎನಿಸಿತು. ಸ್ಟಬ್ಬನ್ನು ಕೊಂಡು, ಕಾಮಾಲೆ ಕಣ್ಣಿನವರು ಇಬ್ಬರೂ ಕೊಪ್ಪಳದ ಬಸ್ಸು ಹತ್ತಿದೆವು.

ಮಾಜೀದನ ಮನೆ ಗ್ಯಾರೇಜಿನ ಹಿಂದೆಯೇ. ಬೀಗರು ಬಂದರೆಂದು ಅವನ ತಾಯಿ ಬಾಷಾಬಿ ತಲೆಯ ಮೇಲೆ ಸೆರಗು ಎಳೆದುಕೊಂಡು, ತಟ್ಟೆಯಲ್ಲಿ ನೀರಿನ ಲೋಟ ಇಟ್ಟುಕೊಂಡು ಹೊರಗೆ ಬಂದರು. ಸಾಬರು ನೀರು ಮುಟ್ಟಲಿಲ್ಲ. ಎರಡೂ ಸ್ಟಬ್ಬನ್ನು ಮಾಜೀದನ ಕಾಲ ಬುಡದಲ್ಲಿಟ್ಟರು. ಅವರ ಮನೆಗಳಲ್ಲಿ ತಮ್ಮತಮ್ಮಲ್ಲಿ ಆಡುವುದು ಉರ್ದು. ಆ ದಿನ ಸಾಬರು ಕನ್ನಡದಲ್ಲಿ ಮಾತಾಡಿದರು, ನಾನು ಸಾಕ್ಷಿಯಾಗಲೆಂದು.

"ನಾ ಗುರುತು ನೋಡಿ ನಿನಗ ಮಗಳನ್ನ ಕೊಡಾಕ ಒಪ್ಪಿದ್ದೆ. ಗುರುತು ಹಾಕೂದನ್ನೂ ಕದ್ದಿ. ಕಳ್ಳಗ ನನ್ನ ಮಗಳನ್ನ ಕೊಡಂಗಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಷಾಬಿಯವರ ತಟ್ಟೆಯಲ್ಲಿ ನೀರು ತುಳುಕಿತು. ಆ ತಾಯಿಯ ಮುಖ ನೋಡಿ ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯ ಜೊತೆಗೇ, ಅವರಿಗೂ ಗೊತ್ತಿತ್ತೋ ಏನೋ ಎಂಬ ಯೋಚನೆಯೂ ಬಂತು. ಮಾಜೀದ ಕೂತು ಎರಡನ್ನೂ ಕೈಗೆತ್ತಿಕೊಂಡ. ಗಟ್ಟಿಯದರ ಸುರುಳಿಯ ಮೇಲೆ ಬೆರಳಾಡಿಸಿದ. ಏನೋ ಹೇಳಲು ಹೋದವನು ನಿಲ್ಲಿಸಿ, ಬಟ್ಟೆಗೆ ಕೈ ಒರೆಸಿಕೊಂಡ.

"ಗಾಡಿ ಕಲ್ಲಿನ ಮ್ಯಾಲ ನಿಂತೈತ್ರಿ ಮಾಮೂ. ಜೋಡಿಸಿ ಕೊಡ್ತೀನಿ. ಆಮ್ಯಾಲ ನಿಮ್ಮ ದಾರಿ ನಿಮಗ."

ಹೊಸ ಬುಶ್ಶು, ಹೊಸ ಬೇರಿಂಗು, ಗಂಗಾವತಿಯ ಸ್ಟಬ್ಬು ಎಲ್ಲ ಜೋಡಿಸಿದ. ಸಾಬರು ಪಕ್ಕದಲ್ಲೇ ಕಣ್ಣು ಮಿಟುಕಿಸದೆ ನಿಂತಿದ್ದರು. ಕೂಲಿ ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ. ಒಡೆದ ಸ್ಟಬ್ಬನ್ನು ಮಾತ್ರ ಎಂದಿನಂತೆ ಪೇಪರಿನಲ್ಲಿ ಸುತ್ತಿ ಸಾಬರ ಕೈಗಿಟ್ಟ. ಗಾಡಿ ಬೆಣ್ಣೆಯಲ್ಲಿ ಓಡಿದಂತೆ ಓಡಿತು. ಕುಷ್ಟಗಿಯವರೆಗೆ ಗಾಲಿ ಒಮ್ಮೆಯೂ ಗೊಣಗಲಿಲ್ಲ.

ಮನೆಯಂಗಳದಲ್ಲೇ ಸಾಬರು ಸುದ್ದಿ ಹೇಳಿದರು. ಸಂಬಂಧ ಮುರಿದಿದೆ, ಆ ಮನೆಯ ಹೆಸರು ಇಲ್ಲಿ ಎತ್ತಕೂಡದು. ಹಜರತಬೀ ಗೋಡೆಗೆ ಒರಗಿ ನಿಂತುಬಿಟ್ಟರು. ಖುಷ್ಬು ಅಳಲಿಲ್ಲ. ಎರಡು ಸ್ಟಬ್ಬಿನ ಕಥೆಯನ್ನು ಕೊನೆಯವರೆಗೆ ಕೇಳಿದಳು. ಆಮೇಲೆ ಏಣಿ ತಂದು ಗೋಡೆಗೆ ಹಚ್ಚಿದಳು. ಏನು ಮಾಡುತ್ತೀ ಎಂದು ಅಪ್ಪ ಕೇಳುತ್ತಿದ್ದಂತೆ ಅಟ್ಟ ಹತ್ತಿ, ಆ ಗೋಣಿಚೀಲವನ್ನು ಎಳೆದೆಳೆದು ಕೆಳಕ್ಕೆ ಕೆಡವಿ, ಅಂಗಳದಲ್ಲಿ ಸುರುವಿದಳು. ಹಳೆ ಬ್ರೇಕು, ಕ್ಲಚ್ಚು, ಸ್ಪ್ರಿಂಗ್ ಪಾಟಾದ ತುಂಡು, ಬುಶ್ಶು, ಎಲ್ಲವೂ ಬಂದವು. ಎಲ್ಲದರ ಮೇಲೂ ಮೂರು ಗೀರು, ಒಂದು ಚುಕ್ಕೆ. ಸ್ಟಬ್ಬು ಬರಲಿಲ್ಲ. ಸಾಬರು ಖಾಲಿ ಚೀಲವನ್ನು ಎರಡು ಸಲ ಜಾಡಿಸಿದರು.

"ಆ ದಪ್ಪಂದು ನಾನ ಕೊಟ್ಟೆ" ಎಂದರು ಹಜರತಬೀ, ಗೋಡೆಯ ಕಡೆ ನೋಡುತ್ತ. "ಬಳ್ಳೊಳ್ಳಿಯವ ಬಂದಿದ್ದ."

ಹಳೆ ಕಬ್ಬಿಣ ತೆಗೆದುಕೊಂಡು ಬೆಳ್ಳುಳ್ಳಿ ಕೊಡುವವರು ನಮ್ಮ ಓಣಿಗಳಿಗೆ ಮೊಪೆಡ್ ಮೇಲೆ ಬರುತ್ತಾರೆ. ರಂಜಾನ್ ಮುಂದಿತ್ತು, ಮನೆಯಲ್ಲಿ ಬೆಳ್ಳುಳ್ಳಿ ಮುಗಿದಿತ್ತು, ಚೀಲದಲ್ಲಿ ಎಲ್ಲಕ್ಕಿಂತ ತೂಕದ್ದು ಅದೊಂದೇ. ಗಂಡನನ್ನು ಕೇಳಿದ್ದರೆ ಕೊಡುತ್ತಿರಲಿಲ್ಲ, ಆದ್ದರಿಂದ ಕೇಳಲಿಲ್ಲ. ಆ ಬೆಳ್ಳುಳ್ಳಿಯವನು ಯಾವ ಊರಿನವನು ಎಂದು ನಾನು ಕೇಳಿದೆ. ಭಾಗ್ಯನಗರದವನಂತೆ.

ಆದರೆ ಸುರುಳಿ ಎಂದು ಸಾಬರು ಗೊಣಗಿದರು. ನಾನು ಟಿಪ್ಪುಸಾಬರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟೆ. ಆ ಸ್ಟಬ್ಬಿಗೆ ಬೆಸುಗೆ ತುಂಬಿ, ಲೇಥಿನಲ್ಲಿ ಹೊಸ ಸುರುಳಿ ಕೊರೆಸಿಟ್ಟಿದ್ದು ನಿಜವೇ ಎಂದು ಅವರು ಒಪ್ಪಿಕೊಂಡರು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದರು. ಸಾಬರು ಅಂಗಳದ ಕಬ್ಬಿಣದ ನಡುವೆ ಕುಸಿದು ಕೂತರು. ತಮ್ಮ ಅಟ್ಟದ ಸಾಮಾನನ್ನು ತಾವೇ ಗಂಗಾವತಿಗೆ ಹೋಗಿ ಕೊಂಡು ತಂದಿದ್ದರು. ಅದು ಹಾಳಾಗಲಿ ಎನ್ನಬಹುದಿತ್ತು. ಖುಷ್ಬು ಏಣಿಯ ಪಕ್ಕದಲ್ಲೇ ನಿಂತಿದ್ದಳು, ಅಪ್ಪನಿಗೆ ಅವಳ ಕಡೆ ತಲೆಯೆತ್ತಲು ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಸಾಬರು, ಹಜರತಬೀ, ನಾನು ಅದೇ ಗಾಡಿಯಲ್ಲಿ ಭಾಗ್ಯನಗರಕ್ಕೆ ಹೋದೆವು. ಗ್ಯಾರೇಜಿನ ಮುಂದೆ ಗಾಡಿ ನಿಂತರೂ ಸಾಬರು ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದೇ ಕೂತಿದ್ದರು. ಹಜರತಬೀ ಇಳಿದು ಅವರ ಕಡೆಯ ಬಾಗಿಲು ತೆರೆದು ಹಿಡಿದ ಮೇಲೆ ಬೇರೆ ದಾರಿ ಇರಲಿಲ್ಲ. ಮಾಜೀದನಿಗೆ ಎಲ್ಲ ಮೊದಲೇ ತಿಳಿದಿತ್ತು. ಖುಷ್ಬು ಫೋನಿನಲ್ಲಿ ಹೇಳಿದ್ದಳು. ತಪ್ಪಾಯಿತು ಎಂದು ಸಾಬರು ಅವನ ಕೈ ಹಿಡಿಯಲು ಹೋದರೆ, ಗ್ರೀಸಿನ ಕೈ ಎಂದು ಅವನೇ ಹಿಂದೆ ಸರಿದ. ಸುರುಳಿ ಮುಟ್ಟಿದಾಗಲೇ ನಿನಗೆ ಲೇಥಿನ ಕೆಲಸವೆಂದು ಗೊತ್ತಾಗಿರಬೇಕಲ್ಲ, ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಹೇಳಿದ್ದರೆ ಅದನ್ನೂ ನಂಬುತ್ತಿರಲಿಲ್ಲ ಎಂದ. ನಿಜ, ನಾನೂ ನಂಬುತ್ತಿರಲಿಲ್ಲ. ಆಮೇಲೆ ಅವನು ಸಾಬರ ಕಡೆ ತಿರುಗಿದ.

"ತಪ್ಪಾತು ಅಂದ್ರಿ, ಆತು. ನನಗೊಂದು ಹೇಳ್ರಿ ಮಾಮೂ. ನಾಳೆ ಮಗಳನ್ನ ಕಳಸೂಮುಂದ ಆಕಿಗೂ ಗುರುತು ಹಾಕೇ ಕಳಸ್ತೀರೇನು?"

ಸಾಬರ ಕೈ ತಾನಾಗಿ ಜೇಬಿನ ಅರದ ಮೇಲೆ ಹೋಯಿತು. ಅಲ್ಲೇ ನಿಂತಿತು. ನಾನು ಆ ಮನುಷ್ಯ ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. ಬಾಷಾಬಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದರು. ಹುಡುಗಿ ಏನು ತಪ್ಪು ಮಾಡಿದ್ದಾಳೆ ಎಂದು ಮಗನನ್ನೇ ಗದರಿದರು. ಒಳಗೆ ಹೋಗಿ ಮತ್ತೆ ತಟ್ಟೆಯಲ್ಲಿ ನೀರು ತಂದರು. ಈ ಸಲ ಸಾಬರು ಲೋಟದೊಳಗೆ ನೋಡದೆ ಕುಡಿದರು. ನಿಕಾಹ್‌ಗೆ ದಿನ ಇಟ್ಟರು.

ನಮ್ಮ ಕಡೆ ಮಗಳಿಗೆ ಕೊಡುವ ಪಾತ್ರೆಗಳ ಮೇಲೆ ಹೆಸರು ಕೆತ್ತಿಸದೆ ಕೊಡುವವರಿಲ್ಲ. ಕೊಪ್ಪಳದ ಪಾತ್ರೆ ಅಂಗಡಿಗೆ ಹಜರತಬೀ ಜೊತೆ ಸಾಬರು, ಹೊರುವುದಕ್ಕೆ ನಾನು. ಅಂಗಡಿಯವನು ಕೆತ್ತುವ ಮಶಿನ್ ಹಿಡಿದು, ಏನು ಬರೆಯಲಿ ಎಂದು ಕೇಳಿದ. ಸಾಬರು ಬಹಳ ಹೊತ್ತು ಒಂದು ಹಂಡೆಯ ತಳ ಸವರಿದರು. ಏನೂ ಬರೆಯಬೇಡ ಎಂದರು. ಹೆಸರಿಲ್ಲದಿದ್ದರೆ ನಾಲ್ಕು ಮಂದಿ ಸೇರಿದಲ್ಲಿ ಅದಲುಬದಲಾಗುತ್ತವೆ, ಯಾರಾದರೂ ಒಯ್ಯುತ್ತಾರೆ ಎಂದು ಅಂಗಡಿಯವನು ಎಚ್ಚರಿಸಿದ. ಹೋದರೆ ಹೋಗಲಿ ಎಂದರು ಸಾಬರು. ಹಜರತಬೀ ನನ್ನ ಮುಖ ನೋಡಿದರು. ಇವರಿಗೆ ಜ್ವರ ಬಂದಿಲ್ಲ ತಾನೇ ಎನ್ನುವಂತಿತ್ತು ಆ ನೋಟ.

ನಿಕಾಹ್ ದಿನ ಶಾದಿಮಹಲಿನ ಒಂದು ಮೂಲೆಯಲ್ಲಿ ಪಾತ್ರೆಗಳನ್ನು ಸಾಲಾಗಿ ಪೇರಿಸಿಟ್ಟಿದ್ದರು. ಜನರೆಲ್ಲ ಊಟದ ಕಡೆ ಇದ್ದರು. ಒಂದು ಬದಿಗೆ ಸಾಬರು ಕೂತು, ಬಂದವರೆಲ್ಲರನ್ನು ನಗುನಗುತ್ತ ಮಾತಾಡಿಸುತ್ತಿದ್ದರು. ಅಷ್ಟು ನಗು ಅವರ ಮುಖಕ್ಕೆ ಹೊಂದುತ್ತಿರಲಿಲ್ಲ. ಅಂಗಡಿಯಲ್ಲಿ ಹಾಗೆ ಹೇಳಿದವರು ಮನೆಗೆ ಬಂದ ಮೇಲೆ, ಯಾರೂ ಇಲ್ಲದಾಗ, ಜೇಬಿನ ಅರ ತೆಗೆದಿದ್ದರೆ? ನನ್ನ ಬುದ್ಧಿಗೆ ಬೆಂಕಿ ಬೀಳಲಿ, ಸುಮ್ಮನಿರಲಾಗಲಿಲ್ಲ. ಹೋಗಿ ಒಂದು ಪಾತ್ರೆಯನ್ನು ಬೋರಲು ಹಾಕಿ ನೋಡಿದೆ. ತಳ ನುಣ್ಣಗಿತ್ತು. ಮೇಲಿನ ಸಾಲಿನದಲ್ಲವೇ ಎಂದು ಕೆಳಗಿನ ಸಾಲಿನಿಂದ ಇನ್ನೊಂದನ್ನು ಎಳೆದೆ. ಅದೂ ನುಣ್ಣಗೆ.

ಹಿಂದೆ ಯಾರೋ ನಿಂತಂತಾಯಿತು. ಮಾಜೀದ. ಕೊರಳಲ್ಲಿ ಹೂವಿನ ಹಾರ, ಮೈಮೇಲೆ ಹೊಸ ಶೇರವಾನಿ. ನಾನು ಪಾತ್ರೆ ಹಿಡಿದು ಕಳ್ಳನ ಹಾಗೆ ನಿಂತೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊದಲಿದ್ದ ಜಾಗದಲ್ಲೇ ಇಟ್ಟ.

"ಇಲ್ರಿ ಅಣ್ಣಾರ" ಎಂದ. "ನಾ ಎಲ್ಲಾ ತಿರುವಿ ನೋಡೀನಿ. ಒಂದರಾಗೂ ಇಲ್ಲ."

ಅವನು ನಗುತ್ತಾನೇನೋ ಎಂದು ಮುಖ ನೋಡಿದೆ. ನಗುತ್ತಿರಲಿಲ್ಲ.